ಹಿಂಗಾಲು ಸೋತ ಮುದಿ ನಾಯಿ

ಕೊಳೆರೋಗ, ಕಾಂಡಕೊರಕ, ಗೊಬ್ಬರದ ದರ, ಅಡಿಕೆ ಧಾರಣೆ, ಸಾಲದ ಕಂತು ಇವುಗಳಿಗೇ ಮೀಸಲಾದ ಈ ಪುಟಗಳಲ್ಲಿ ನಾಯಿಯ ವಿಷಯ ಕಂಡು ಕೆಲವು ಸದಸ್ಯರು ಹುಬ್ಬೇರಿಸಬಹುದು. ಕಾರ್ಯದರ್ಶಿಗೆ ಕೆಲಸ ಕಡಿಮೆಯಾಗಿದೆ ಎಂದೂ ಅನ್ನಬಹುದು. ಆದರೆ ಮಲೆನಾಡಿನ ತೋಟದ ಮನೆಯಲ್ಲಿ ನಾಯಿ ಶೋಕಿಗೆ ಸಾಕಿದ ಪ್ರಾಣಿಯಲ್ಲ ಎಂಬುದು ನಮಗೆಲ್ಲ ಗೊತ್ತಿರುವ ಸಂಗತಿ. ಕಣದಲ್ಲಿ ಹರವಿದ ಕಾಫಿಗೆ, ಅಂಗಳದಲ್ಲಿ ಒಣಗುವ ಅಡಿಕೆಗೆ ರಾತ್ರಿ ಕಾವಲು ಅದರದ್ದೇ. ಮಂಗನ ಹಿಂಡು ಬಾಳೆಗೆ ಇಳಿಯಿತೆಂದು, ಕಾಡುಹಂದಿ ತೋಟದ ಬೇಲಿ ನುಸುಳಿತೆಂದು ಮೊದಲು ತಿಳಿಸುವುದೂ ಅದೇ. ಇಂಥ ನಾಯಿ ಎಂಟು ಹತ್ತು ವರ್ಷ ದುಡಿದ ಮೇಲೆ ಒಂದು ದಿನ ಹಿಂಗಾಲು ಎಳೆಯತೊಡಗಿದರೆ ಏನು ಮಾಡಬೇಕು ಎಂಬುದು ಬೆಳೆಗಾರನ ಪ್ರಶ್ನೆಯೇ ಸರಿ.

ಈಚಿನ ಎರಡು ಮೂರು ವರ್ಷಗಳಲ್ಲಿ ಸಂಘದ ಕಛೇರಿಗೆ ಬಂದವರಲ್ಲಿ ಐದಾರು ಮಂದಿ ಈ ಪ್ರಶ್ನೆಯನ್ನು ಕೇಳಿದ್ದಾರೆ. ಕೇಳುವಾಗಲೇ ಹಲವರ ಬಾಯಲ್ಲಿ ಉತ್ತರವೂ ಇರುತ್ತದೆ. "ಸೊಂಟ ಬಿದ್ದಿದೆ ಮಾರಾಯ್ರೆ, ಹುಚ್ಚೇ ಇರಬೇಕು. ಕೋವಿ ತೆಗೆಯುವುದೊಂದೇ ದಾರಿ." ಕೋವಿ ಇಲ್ಲದವರು ಜೀಪಿಗೆ ಹಾಕಿಕೊಂಡು ಹೋಗಿ ಘಾಟಿಯ ತಿರುವಿನಲ್ಲಿ ಬಿಟ್ಟು ಬರುವುದೂ ಉಂಟು. ಅಲ್ಲಿ ಅದನ್ನು ಚಿರತೆ ಹಿಡಿಯದಿದ್ದರೆ ಲಾರಿ ಹಿಡಿಯುತ್ತದೆ. ಅವಸರ ಮಾಡದೆ ಒಂದು ತಿಂಗಳು ಕಾಯ್ದು ನೋಡಿದ್ದರೆ ಈ ನಾಯಿಗಳಲ್ಲಿ ಕೆಲವಾದರೂ ಇನ್ನೊಂದು ಮಳೆಗಾಲ ಜಗಲಿಯ ಮೇಲೆ ಕುಳಿತು ಬೊಗಳುತ್ತಿದ್ದವು ಎಂದು ನನಗೆ ಅನ್ನಿಸುತ್ತದೆ. ನಮ್ಮ ಮನೆಯ ಆಲ್ಸೇಷಿಯನ್ ಟೈಗರನ್ನು 2022ರ ಡಿಸೆಂಬರಿನಿಂದ 2024ರ ಫೆಬ್ರವರಿಯವರೆಗೆ, ಹದಿನಾಲ್ಕು ತಿಂಗಳು, ಈ ಸ್ಥಿತಿಯಲ್ಲಿ ನೋಡಿಕೊಂಡದ್ದರಿಂದ ಬರೆಯುತ್ತಿದ್ದೇನೆ. ನಾನು ಪಶುವೈದ್ಯನಲ್ಲ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದಿದ್ದೇನೆ, ಓದಿದ್ದರಲ್ಲಿ ಮುಕ್ಕಾಲು ಮರೆತಿದ್ದೇನೆ. ಉಳಿದದ್ದನ್ನು ವೈದ್ಯರನ್ನು ಕೇಳಿ ತಿಳಿದುಕೊಂಡೆ.

ಹುಚ್ಚೋ, ಅಲ್ಲವೋ

ಮೊದಲು ಈ ಭಯವನ್ನು ಇತ್ಯರ್ಥ ಮಾಡಿಕೊಳ್ಳೋಣ. ಇದು ಸುಮ್ಮನೆ ಬಂದ ಭಯವಲ್ಲ. ನನ್ನ ವಯಸ್ಸಿನವರು ಚಿಕ್ಕಂದಿನಲ್ಲಿ ಹೊಕ್ಕುಳ ಸುತ್ತ ಹದಿನಾಲ್ಕು ಚುಚ್ಚುಮದ್ದು ಹಾಕಿಸಿಕೊಂಡವರನ್ನು ಕಂಡಿದ್ದೇವೆ. ಕುರಿಯ ಮಿದುಳಿನಿಂದ ತಯಾರಾಗುತ್ತಿದ್ದ ಆ ಹಳೆಯ ಲಸಿಕೆ 2005ರ ಹೊತ್ತಿಗೆ ನಮ್ಮ ದೇಶದಲ್ಲಿ ನಿಂತುಹೋಯಿತು. ಈಗಿನದನ್ನು ತೋಳಿಗೆ ಕೊಡುತ್ತಾರೆ. ಲಸಿಕೆ ಬದಲಾದರೂ ರೋಗ ಬದಲಾಗಿಲ್ಲ. ಮನುಷ್ಯನಿಗೆ ಅದರ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿದವರು ಇಲ್ಲವೆನ್ನುವಷ್ಟು ಕಡಿಮೆ.

ಆದರೆ ಹುಚ್ಚು ದಿನಗಳ ಲೆಕ್ಕದ ರೋಗ. ಲಕ್ಷಣ ಕಂಡ ನಾಯಿ ಸಾಮಾನ್ಯವಾಗಿ ಹತ್ತು ದಿನದೊಳಗೆ ಸಾಯುತ್ತದೆ. ಕಚ್ಚಿದ ನಾಯಿಯನ್ನು ಹತ್ತು ದಿನ ಕಟ್ಟಿ ಹಾಕಿ ನೋಡಿ ಎಂದು ಆಸ್ಪತ್ರೆಯವರು ಹೇಳುವುದು ಈ ಕಾರಣಕ್ಕೇ. ಹುಚ್ಚಿನಲ್ಲಿ ಎರಡು ಬಗೆ. ಕಂಡಕಂಡದ್ದನ್ನು ಕಚ್ಚುತ್ತ ಓಡುವ ಬಗೆ ಎಲ್ಲರಿಗೂ ಗೊತ್ತು. ಇನ್ನೊಂದು ಮೂಕ ಹುಚ್ಚು. ಅದರಲ್ಲಿ ನಾಯಿ ಮೂಲೆ ಹಿಡಿಯುತ್ತದೆ, ದನಿ ಒಡೆಯುತ್ತದೆ, ಕೆಳದವಡೆ ಜೋತುಬೀಳುತ್ತದೆ, ಜೊಲ್ಲು ಸುರಿಯುತ್ತದೆ, ನುಂಗಲು ಆಗುವುದಿಲ್ಲ, ಕಾಲುಗಳು ಒಂದೆರಡು ದಿನಗಳಲ್ಲೇ ಬಿದ್ದುಹೋಗುತ್ತವೆ. ಗಂಟಲಲ್ಲಿ ಮೂಳೆ ಸಿಕ್ಕಿದೆ ಎಂದುಕೊಂಡು ಬಾಯೊಳಗೆ ಕೈ ಹಾಕುವವರು ಅಪಾಯಕ್ಕೆ ಸಿಕ್ಕುವುದು ಇಂಥ ನಾಯಿಯಿಂದಲೇ. ದವಡೆ ಜೋತ ನಾಯಿಯ ಬಾಯಿಗೆ ಯಾವ ಕಾರಣಕ್ಕೂ ಕೈ ಹಾಕಬಾರದು. ಅದನ್ನು ಕೂಡಿಹಾಕಿ ವೈದ್ಯರಿಗೆ ಹೇಳಿ ಕಳುಹಿಸಬೇಕು. ಕಚ್ಚಿದ ಗಾಯವಾಗಲಿ, ಜೊಲ್ಲು ತಾಗಿದ ತರಚಾಗಲಿ ಇದ್ದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು. "ನಮ್ಮ ನಾಯಿಗೆ ಲಸಿಕೆ ಹಾಕಿಸಿದೆಯಲ್ಲ" ಎಂದು ಈ ವಿಷಯದಲ್ಲಿ ಉದಾಸೀನ ಸಲ್ಲದು.

ನಾನು ಹೇಳಹೊರಟಿರುವ ರೋಗ ಇದಕ್ಕೆ ತದ್ವಿರುದ್ಧ. ಅದು ದಿನಗಳಲ್ಲಿ ಬೆಳೆಯುವುದಿಲ್ಲ, ತಿಂಗಳುಗಳಲ್ಲಿ ಬೆಳೆಯುತ್ತದೆ. ನಾಯಿಯ ಬುದ್ಧಿ ಎಳ್ಳಷ್ಟೂ ಕೆಡುವುದಿಲ್ಲ. ಕರೆದರೆ ಬಾಲ ಅಲ್ಲಾಡಿಸಲು ನೋಡುತ್ತದೆ, ಅನ್ನದ ತಟ್ಟೆಯ ಸದ್ದಿಗೆ ಕಿವಿ ನಿಮಿರುತ್ತದೆ, ಬೊಗಳುವ ದನಿ ಹಿಂದಿನದೇ. ಸೊಂಟದಿಂದ ಹಿಂದಕ್ಕೆ ಮಾತ್ರ ಅದು ನಿಧಾನವಾಗಿ ಬೇರೆಯವರ ನಾಯಿಯಾಗುತ್ತ ಹೋಗುತ್ತದೆ. ಮೂರು ತಿಂಗಳಿಂದ ಕಾಲೆಳೆಯುತ್ತಿರುವ ನಾಯಿಯನ್ನು ಹುಚ್ಚೆನ್ನುವುದು, ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಎಂದ ಹಾಗೆ.

ರೋಗದ ಪರಿಚಯ

ನಮ್ಮಲ್ಲಿ ಅರೇಬಿಕಾ ಕೊಯ್ಲು ನಡೆಯುತ್ತಿದ್ದ ದಿನಗಳು. ರಾತ್ರಿ ಕಣದ ಸುತ್ತ ಟೈಗರ್ ತಿರುಗುವಾಗ ಸಿಮೆಂಟಿನ ಮೇಲೆ ಏನೋ ಕೆರೆದಂಥ ಸದ್ದು ಬರುತ್ತಿದೆ ಎಂದು ಮೊದಲು ಗಮನಿಸಿದವರು ನಮ್ಮ ಮನೆಯವರು. ಬೆಳಿಗ್ಗೆ ನೋಡಿದರೆ ಎಡ ಹಿಂಗಾಲಿನ ನಡುವಿನ ಎರಡು ಉಗುರು ಮಾತ್ರ ಸವೆದು ಮೊಂಡಾಗಿತ್ತು. ನೋವಿಲ್ಲ, ಬಾವಿಲ್ಲ, ಒತ್ತಿದರೆ ಕೂಗುವುದಿಲ್ಲ. ತಿಂಗಳು ಕಳೆಯುವುದರೊಳಗೆ ತಿರುಗುವಾಗ ಹಿಂಭಾಗ ತೂರಾಡತೊಡಗಿತು, ಒಂದು ಕಾಲು ಇನ್ನೊಂದಕ್ಕೆ ತೊಡರಿಕೊಳ್ಳತೊಡಗಿತು. ಆಗ ಅದಕ್ಕೆ ಹತ್ತು ವರ್ಷ.

ತಾಲ್ಲೂಕಿನ ಪಶುವೈದ್ಯರು ಒಂದು ಸಣ್ಣ ಪರೀಕ್ಷೆ ಮಾಡಿ ತೋರಿಸಿದರು. ಅದನ್ನು ಯಾರು ಬೇಕಾದರೂ ಮಾಡಬಹುದು. ನಾಯಿಯ ಹೊಟ್ಟೆಯ ಕೆಳಗೆ ಕೈಕೊಟ್ಟು ನಿಲ್ಲಿಸಿ, ಹಿಂಗಾಲಿನ ಪಂಜವನ್ನು ಮಡಿಸಿ ಅದರ ಮೇಲುಭಾಗ ನೆಲಕ್ಕೆ ತಾಗುವಂತೆ ಇಡಬೇಕು. ಆರೋಗ್ಯದ ನಾಯಿ ಆ ಕ್ಷಣವೇ ಪಂಜವನ್ನು ಸರಿ ಮಾಡಿಕೊಳ್ಳುತ್ತದೆ. ನರ ಕೆಟ್ಟ ನಾಯಿ ಹಾಗೆಯೇ ನಿಂತಿರುತ್ತದೆ, ಕಾಲು ಎಲ್ಲಿದೆ ಎಂಬ ಸುದ್ದಿಯೇ ಅದಕ್ಕೆ ಮುಟ್ಟಿರುವುದಿಲ್ಲ. ವಾತದಿಂದಲೋ ಸೊಂಟದ ಕೀಲು ಸವೆದೋ ಕುಂಟುವ ನಾಯಿಯಾದರೆ ಪಂಜವನ್ನು ಸರಿ ಮಾಡಿಕೊಳ್ಳುತ್ತದೆ. ಅದಕ್ಕೆ ಇರುವುದು ನೋವು. ಬೆಳಿಗ್ಗೆ ಎದ್ದಾಗ ಬಿಗಿದುಕೊಂಡಿದ್ದು ನಾಲ್ಕು ಹೆಜ್ಜೆ ನಡೆದ ಮೇಲೆ ಸಡಿಲವಾಗುತ್ತದೆ.

ಈ ರೋಗಕ್ಕೆ ವೈದ್ಯರು ಡಿಜೆನರೇಟಿವ್ ಮೈಲೋಪತಿ ಎನ್ನುತ್ತಾರೆ. ಬೆನ್ನುಹುರಿ ಸವೆಯುವ ರೋಗ ಎಂದುಕೊಂಡರೆ ಸಾಕು. ಮಿದುಳಿನಿಂದ ಕಾಲಿಗೆ ಆಜ್ಞೆ ಒಯ್ಯುವ, ಕಾಲಿನಿಂದ ಮಿದುಳಿಗೆ ಸುದ್ದಿ ತರುವ ನರದ ಎಳೆಗಳು ಬೆನ್ನಿನ ಮಧ್ಯಭಾಗದಲ್ಲಿ ಕೆಡುತ್ತ ಹೋಗುತ್ತವೆ. ಪಂಪ್‌ಸೆಟ್ಟಿನ ತಂತಿಯ ಮೇಲಿನ ರಬ್ಬರು ಕಿತ್ತುಹೋಗಿ ಒಳಗಿನ ತಾಮ್ರವೂ ಎಳೆಎಳೆಯಾಗಿ ಕಡಿದ ಹಾಗೆ. ಮೋಟರು ಸರಿಯಿದೆ, ಕರೆಂಟು ಇದೆ, ನಡುವೆ ತಂತಿ ಇಲ್ಲ. ಸಾಮಾನ್ಯವಾಗಿ ಎಂಟು ವರ್ಷ ದಾಟಿದ ನಾಯಿಗಳಿಗೆ ಬರುತ್ತದೆ. ಆಲ್ಸೇಷಿಯನ್ ಜಾತಿಯಲ್ಲಿ ಇದನ್ನು 1973ರಲ್ಲೇ ವಿವರಿಸಿದ್ದಾರೆ. ಬೇರೆ ಹಲವು ಜಾತಿಗಳಲ್ಲೂ ಬೆರಕೆ ನಾಯಿಗಳಲ್ಲೂ ಉಂಟು. 2009ರಲ್ಲಿ ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದವರು ಮತ್ತು ಅವರ ಜೊತೆಗಾರರು ಇದಕ್ಕೆ ಸಂಬಂಧಪಟ್ಟ ವಂಶವಾಹಿಯ ದೋಷವನ್ನು ಗುರುತಿಸಿದರು. ಮನುಷ್ಯರಲ್ಲಿ ಎ.ಎಲ್.ಎಸ್. ಎಂಬ ಕಾಯಿಲೆ ಇದೆಯಲ್ಲ, ವಿಜ್ಞಾನಿ ಸ್ಟೀಫನ್ ಹಾಕಿಂಗ್‌ರನ್ನು ಗಾಲಿಕುರ್ಚಿಯಲ್ಲಿ ಕೂರಿಸಿದ್ದು, ಆ ಕಾಯಿಲೆಯ ಕೆಲವು ರೋಗಿಗಳಲ್ಲಿ ಕೆಟ್ಟಿರುವುದೂ ಇದೇ ವಂಶವಾಹಿ. ತಂದೆ ತಾಯಿ ಇಬ್ಬರಿಂದಲೂ ದೋಷ ಬಂದ ನಾಯಿಗೆ ರೋಗದ ಸಂಭವ ಹೆಚ್ಚು, ಆದರೆ ಅಂಥವೆಲ್ಲಕ್ಕೂ ರೋಗ ಬಂದೇ ಬರುತ್ತದೆ ಎಂದಿಲ್ಲ. ಇನ್ನೊಂದು ನಾಯಿಗಾಗಲಿ, ದನಕ್ಕಾಗಲಿ, ಮನೆಯ ಮಕ್ಕಳಿಗಾಗಲಿ ಇದು ಅಂಟುವುದಿಲ್ಲ.

ಕಾಲೆಳೆಯುವುದಕ್ಕೆಲ್ಲ ಇದೇ ಕಾರಣವೆಂದು ತಿಳಿಯಬಾರದು. ರಾತ್ರಿ ಸರಿಯಿದ್ದ ನಾಯಿ ಬೆಳಿಗ್ಗೆ ಎದ್ದು ನಿಲ್ಲಲಾರದೆ, ಬೆನ್ನು ಮುಟ್ಟಿದರೆ ಕೂಗಿದರೆ, ಬೆನ್ನೆಲುಬಿನ ನಡುವಿನ ಮೆತ್ತೆ ಜಾರಿ ಹುರಿಯನ್ನು ಒತ್ತುತ್ತಿರಬಹುದು. ಅದಕ್ಕೆ ಗಂಟೆಗಳ ಲೆಕ್ಕದಲ್ಲಿ ಚಿಕಿತ್ಸೆ ಬೇಕು. ಉಣುಗಿನಿಂದ ಬರುವ ಜ್ವರಗಳಲ್ಲೂ ನಾಯಿ ಸೊಂಟ ಸೋಲುತ್ತದೆ, ಒಸಡು ಬಿಳಿಚಿಕೊಂಡಿರುತ್ತದೆ, ಮೈ ಸುಡುತ್ತಿರುತ್ತದೆ, ಔಷಧಕ್ಕೆ ಚೆನ್ನಾಗಿ ಬಗ್ಗುತ್ತದೆ. ಮುದಿ ನಾಯಿ ಒಮ್ಮೆಲೇ ತಲೆ ಓರೆ ಮಾಡಿ ಕುಡಿದವನಂತೆ ಸುತ್ತತೊಡಗಿದರೆ ಅದು ಹೆಚ್ಚಾಗಿ ಒಳಗಿವಿಯ ಸಮತೋಲದ ತೊಂದರೆ, ಎರಡು ಮೂರು ವಾರದಲ್ಲಿ ಬಹುಮಟ್ಟಿಗೆ ತಾನಾಗಿ ಇಳಿಯುತ್ತದೆ. ಇದನ್ನೂ ಹುಚ್ಚೆಂದು ಹೊಡೆದವರಿದ್ದಾರೆ. ಆಫ್ರಿಕನ್ ಬಸವನಹುಳುವಿಗೆಂದು ತೋಟದಲ್ಲಿ ಇಡುವ ಮೆಟಾಲ್ಡಿಹೈಡ್ ಗುಳಿಗೆಯನ್ನು ನಾಯಿ ತಿಂದರೆ ಕೆಲವೇ ಗಂಟೆಗಳಲ್ಲಿ ಮೈ ನಡುಗಿ ಸೆಳೆತ ಬರುತ್ತದೆ. ಆ ಗುಳಿಗೆ ಬಳಸುವ ಸದಸ್ಯರು ನಾಯಿಗೆ ಎಟುಕದಂತೆ ಇಡಬೇಕೆಂದು ಈ ಸಂದರ್ಭದಲ್ಲೇ ನೆನಪಿಸುತ್ತೇನೆ. ಆದ್ದರಿಂದ ಮೊದಲ ವಾರದಲ್ಲೇ ಒಮ್ಮೆ ವೈದ್ಯರಿಗೆ ತೋರಿಸಬೇಕು. ವಾಸಿಯಾಗುವ ಕಾಯಿಲೆಯನ್ನು ವಾಸಿಯಾಗದ್ದೆಂದು ಕೈಚೆಲ್ಲುವುದಕ್ಕಿಂತ ದೊಡ್ಡ ನಷ್ಟವಿಲ್ಲ.

ನಾವು ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೂ ಕರೆದೊಯ್ದೆವು. ರಕ್ತ ಪರೀಕ್ಷೆ ಆಯಿತು, ಎಕ್ಸ್‌ರೇ ಆಯಿತು. ಎಕ್ಸ್‌ರೇಯಲ್ಲಿ ಎಲುಬು ಕಾಣುತ್ತದೆ, ಹುರಿ ಕಾಣುವುದಿಲ್ಲ. ಉಳಿದ ಕಾರಣಗಳನ್ನು ಒಂದೊಂದಾಗಿ ಬದಿಗಿಟ್ಟು ಕೊನೆಗೆ ಉಳಿದದ್ದೇ ಈ ರೋಗ. ಸಂಪೂರ್ಣ ಖಚಿತವಾಗುವುದು ಸತ್ತ ಮೇಲೆ ಹುರಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಮಾತ್ರ ಎಂದು ಅಲ್ಲಿಯ ವೈದ್ಯರು ಮುಚ್ಚುಮರೆಯಿಲ್ಲದೆ ಹೇಳಿದರು. ಹಾಗೆ ಹೇಳಿದ್ದರಿಂದಲೇ ಅವರ ಉಳಿದ ಮಾತಿನ ಮೇಲೆ ನನಗೆ ನಂಬಿಕೆ ಬಂದಿತು.

ಔಷಧದ ಮಾತು

ಔಷಧ ಇಲ್ಲ. ಇದನ್ನು ಸುತ್ತಿ ಬಳಸಿ ಹೇಳುವ ಅಗತ್ಯವಿಲ್ಲ. ಸ್ಟೀರಾಯ್ಡ್ ಕೊಟ್ಟರೆ ಈ ರೋಗ ನಿಲ್ಲುವುದಿಲ್ಲ, ಮಾಂಸಖಂಡ ಇನ್ನಷ್ಟು ಕರಗುತ್ತದೆ. ಬಿ-ಕಾಂಪ್ಲೆಕ್ಸ್ ಚುಚ್ಚುಮದ್ದು ಕೆಡುಕು ಮಾಡದಿರಬಹುದು, ರೋಗವನ್ನು ತಡೆಯುತ್ತದೆ ಎನ್ನುವುದಕ್ಕೆ ಆಧಾರವಿಲ್ಲ. ಮನೆಯಲ್ಲಿ ಸೊಂಟನೋವಿಗೆ ತಂದಿಟ್ಟ ಮಾತ್ರೆಯನ್ನು ಅರ್ಧ ಮುರಿದು ನಾಯಿಗೂ ಹಾಕುವ ಪದ್ಧತಿ ನಮ್ಮಲ್ಲಿದೆ. ಅದು ಖಂಡಿತ ಕೂಡದು. ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂಥವು ನಾಯಿಯ ಜಠರದಲ್ಲಿ ಹುಣ್ಣು ಮಾಡುತ್ತವೆ, ಮೂತ್ರಪಿಂಡ ಕೆಡಿಸುತ್ತವೆ. ಈ ರೋಗದಲ್ಲಿ ನೋವೇ ಇಲ್ಲದಿರುವಾಗ ನೋವಿನ ಮಾತ್ರೆ ಯಾಕೆ?

ಔಷಧವಿಲ್ಲದ ರೋಗದ ಜೊತೆ ಬಾಳುವುದು ನಮಗೆ ಹೊಸದಲ್ಲ. ಶೃಂಗೇರಿ, ಕೊಪ್ಪದ ಕಡೆಯ ಅಡಿಕೆ ಬೆಳೆಗಾರರು ಹಳದಿ ಎಲೆ ರೋಗದ ಜೊತೆ ದಶಕಗಳಿಂದ ಬಾಳಿದ್ದಾರೆ. ಕೊಳೆಗಾದರೆ ಮೈಲುತುತ್ತ ಸುಣ್ಣ ಇದೆ, ಹೊತ್ತಿಗೆ ಸರಿಯಾಗಿ ಹೊಡೆದರೆ ಬೆಳೆ ಉಳಿಯುತ್ತದೆ. ಹಳದಿ ರೋಗಕ್ಕೆ ಹೊಡೆಯುವಂಥದ್ದು ಏನೂ ಇಲ್ಲ. ಬಸಿಗಾಲುವೆ ತೆಗೆದು, ಗೊಬ್ಬರ ಕೊಟ್ಟು, ಮರವನ್ನು ಇನ್ನಷ್ಟು ವರ್ಷ ನಿಲ್ಲಿಸಿಕೊಳ್ಳುತ್ತೇವೆ. ನಾಯಿಯ ವಿಷಯದಲ್ಲೂ ಕೈಲಿರುವುದು ಅಷ್ಟೇ, ಆದರೆ ಅದು ಸಣ್ಣದಲ್ಲ. 2006ರಲ್ಲಿ ಸ್ವಿಟ್ಜರ್ಲೆಂಡಿನಿಂದ ಪ್ರಕಟವಾದ ಒಂದು ಅಧ್ಯಯನದಲ್ಲಿ ಈ ರೋಗವೆಂದು ಶಂಕಿಸಿದ 22 ನಾಯಿಗಳನ್ನು ಗಮನಿಸಿದರು. ದಿನವೂ ಚೆನ್ನಾಗಿ ಅಂಗಸಾಧನೆ ಮಾಡಿಸಿದವು ಸರಾಸರಿ 255 ದಿನ ಬದುಕಿದವು, ಸಾಧಾರಣವಾಗಿ ಮಾಡಿಸಿದವು 130 ದಿನ, ಏನೂ ಮಾಡಿಸದವು 55 ದಿನ. ನಾಯಿಗಳ ಸಂಖ್ಯೆ ಕಡಿಮೆ. ಅಷ್ಟು ಶ್ರದ್ಧೆಯಿಂದ ಮಾಡಿಸುವ ಯಜಮಾನ ಬೇಗ ಕೈಬಿಡುವವನೂ ಅಲ್ಲ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಹಾಗಿದ್ದರೂ 55ಕ್ಕೂ 255ಕ್ಕೂ ಇರುವ ಅಂತರವನ್ನು ತಳ್ಳಿಹಾಕಲಾಗದು.

ಮನೆಯಲ್ಲಿ ಮಾಡಿದ್ದು

ಅಂಗಸಾಧನೆ ಎಂದರೆ ದೊಡ್ಡ ವಿದ್ಯೆಯೇನಲ್ಲ. ದಿನಕ್ಕೆ ನಾಲ್ಕೈದು ಸಲ, ಒಂದೊಂದು ಸಲಕ್ಕೆ ಐದರಿಂದ ಹತ್ತು ನಿಮಿಷ ಮೆಲ್ಲಗೆ ನಡೆಸುವುದು. ಓಡಿಸಬಾರದು, ದಣಿಸಬಾರದು. ಅಡಿಕೆ ತೋಟದ ಮೆತ್ತನೆಯ ಮಣ್ಣು ಇದಕ್ಕೆ ಹೇಳಿಸಿದ್ದು, ಟಾರು ರಸ್ತೆ ಬೇಡ. ಮಲಗಿದ್ದಾಗ ಹಿಂಗಾಲಿನ ಒಂದೊಂದು ಕೀಲನ್ನೂ ಹತ್ತು ಸಲ ಮಡಿಸಿ ಬಿಡಿಸುವುದು, ತೊಡೆಯನ್ನು ಅಂಗೈಯಿಂದ ತಿಕ್ಕುವುದು. ಬೇಸಿಗೆಯಲ್ಲಿ ನಮ್ಮ ತೋಟದ ಕೆರೆಯಲ್ಲಿ ಹೊಟ್ಟೆಗೆ ಬಟ್ಟೆ ಕಟ್ಟಿ ಹಿಡಿದುಕೊಂಡು ನಿಲ್ಲಿಸುತ್ತಿದ್ದೆವು. ನೀರಿನಲ್ಲಿ ಮೈಭಾರ ಕಡಿಮೆಯಾಗಿ, ನೆಲದ ಮೇಲೆ ಆಡದ ಕಾಲು ಅಲ್ಲಿ ಆಡುವುದನ್ನು ಕಂಡೆವು.

ನಮ್ಮ ಮನೆಗಳ ಶತ್ರು ನುಣುಪಾದ ನೆಲ. ಕೆಂಪು ಗಾರೆಯ ಮೇಲೆ, ಈಚೆಗೆ ಹಾಕಿಸಿದ ಟೈಲ್ಸಿನ ಮೇಲಂತೂ, ಹಿಂಗಾಲು ಎರಡು ಕಡೆಗೆ ಸೀಳಿಕೊಂಡು ಜಾರುತ್ತದೆ, ಜಾರಿದ ನಾಯಿ ಏಳುವ ಧೈರ್ಯವನ್ನೇ ಬಿಡುತ್ತದೆ. ಅದು ಓಡಾಡುವ ದಾರಿಯುದ್ದಕ್ಕೂ ಹಳೆಯ ಗೋಣಿಚೀಲ ಹಾಸಿದೆವು. ಕಾಫಿ ಬೆಳೆಗಾರನ ಮನೆಯಲ್ಲಿ ಗೋಣಿಗೆ ಬರವೇ?

ಕಾಲು ಮಗುಚಿಕೊಂಡು ಎಳೆಯುವುದರಿಂದ ಪಂಜದ ಮೇಲುಭಾಗ ಉಜ್ಜಿ ಗಾಯವಾಗುತ್ತದೆ. ಬೆಂಗಳೂರಿನಲ್ಲಿರುವ ಮಗಳು ನಾಯಿಯ ಬೂಟು ಕಳುಹಿಸಿದಳು, ನೋಡಲು ಚಂದ, ಒಂದೇ ವಾರದಲ್ಲಿ ಒಂದು ಕೆಸರಿನಲ್ಲಿ ಕಳೆದುಹೋಯಿತು. ಆಮೇಲೆ ಹಳೆಯ ಕಾಲುಚೀಲದ ಮೇಲೆ ಸೈಕಲ್ ಟ್ಯೂಬಿನ ತುಂಡನ್ನು ಹೊಲಿದು ಹಾಕಿದೆವು, ಅದೇ ಬಾಳಿಕೆ ಬಂತು. ಬಿಗಿಯಾಗಿ ಕಟ್ಟಬಾರದು, ರಾತ್ರಿ ಬಿಚ್ಚಲೇಬೇಕು. ರಕ್ತ ಓಡದೆ ಪಂಜ ಊದಿಕೊಂಡರೂ ಈ ನಾಯಿ ನಮಗೆ ಹೇಳುವುದಿಲ್ಲ. ಮಳೆಗಾಲದಲ್ಲಿ ಇಂಬಳ ಕಚ್ಚಿದ ಸಣ್ಣ ಗಾಯಕ್ಕೂ ನೊಣ ಕೂತು ಹುಳ ಬೀಳುತ್ತದೆ. ದಿನಕ್ಕೆ ಎರಡು ಸಲ ಬಾಲದ ಬುಡ, ತೊಡೆಸಂದಿ, ಬೆರಳ ಸಂದುಗಳನ್ನು ದೀಪ ಹಿಡಿದು ನೋಡುವುದು ತಪ್ಪಬಾರದು. ಬೋರ್ಡೋ ಹೊಡೆಯುವ ದಿನಗಳಲ್ಲಿ ನಾಯಿಯನ್ನು ತೋಟಕ್ಕೆ ಬಿಡಬಾರದು, ಎಳೆದ ಕಾಲಿಗೆ ಅಂಟಿದ ಮೈಲುತುತ್ತವನ್ನು ಅದು ನೆಕ್ಕುತ್ತದೆ. ಚಳಿಗೆ ಬಚ್ಚಲು ಒಲೆಯ ಬದಿಯೇ ಅದಕ್ಕೆ ಸ್ವರ್ಗವಾದರೂ ಕೆಂಡ ಸಿಡಿದರೆ ಬೇಗ ಸರಿಯಲಾರದು, ಆದ್ದರಿಂದ ನಡುವೆ ಒಂದು ಹಲಗೆ ಇಡಬೇಕು.

ಎಬ್ಬಿಸುವುದಕ್ಕೆ ಅಮ್ಮನ ಹಳೆಯ ಹತ್ತಿಯ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಕಿಬ್ಬೊಟ್ಟೆಯ ಕೆಳಗಿಂದ ಹಾಯಿಸಿ ಎರಡೂ ತುದಿಯನ್ನು ಮೇಲೆ ಹಿಡಿಯುತ್ತಿದ್ದೆವು. ಹಿಂಭಾಗದ ಭಾರ ನಮ್ಮ ಕೈಗೆ ಬರುತ್ತದೆ, ಮುಂಗಾಲಿನಲ್ಲಿ ಅದು ತಾನೇ ನಡೆಯುತ್ತದೆ. ನಾಯಿಯ ತೂಕ ಕಡಿಮೆಯಿದ್ದಷ್ಟೂ ಅದಕ್ಕೂ ನಮ್ಮ ಬೆನ್ನಿಗೂ ಕ್ಷೇಮ. ಪಾಪದ ನಾಯಿ ಎಂದು ಕರುಣೆಯಿಂದ ಹೆಚ್ಚು ಅನ್ನ, ತುಪ್ಪ ಹಾಕುವವರಿದ್ದಾರೆ. ಆ ಕರುಣೆಯನ್ನು ಬೇರೆ ರೂಪದಲ್ಲಿ ತೋರಿಸಬೇಕೆಂದು ನನ್ನ ಅಭಿಪ್ರಾಯ. ನಮ್ಮಲ್ಲಿ ಅನ್ನ ಇಳಿಸಿ ಮೊಟ್ಟೆ ಏರಿಸಿದೆವು.

2023ರ ಆಗಸ್ಟಿಗೆ ಟೈಗರ್ ತಾನಾಗಿ ಏಳುವುದು ನಿಂತಿತು. ಸಾಮಾನ್ಯವಾಗಿ ಈ ಹಂತ ಆರು ತಿಂಗಳಿಂದ ಒಂದು ವರ್ಷದೊಳಗೆ ಬರುತ್ತದೆ ಎಂದು ವೈದ್ಯರು ಮೊದಲೇ ಹೇಳಿದ್ದರು. ಆಗ ಗಾಡಿ ಮಾಡಿಸಿದೆವು. ಸ್ಪ್ರಿಂಕ್ಲರ್ ಕೆಲಸದಲ್ಲಿ ಮಿಕ್ಕ ಪಿ.ವಿ.ಸಿ. ಪೈಪು, ಮಕ್ಕಳ ಸೈಕಲ್ಲಿನ ಎರಡು ಚಕ್ರ, ತೊಡೆ ಕೂರಿಸಲು ದಪ್ಪ ಬಟ್ಟೆಯ ಎರಡು ಬಳೆ, ಇಷ್ಟೇ. ನಾಯಿಯನ್ನು ಎತ್ತಿ ಹಿಡಿದಾಗ ಹಿಂಭಾಗ ಮೊದಲಿನ ಎತ್ತರಕ್ಕೆ ಬರುವಂತೆ ಅಳತೆ ತೆಗೆಯಬೇಕು. ತಗ್ಗಾದರೆ ಬೆನ್ನು ಬಾಗುತ್ತದೆ, ಎತ್ತರವಾದರೆ ಮುಂಗಾಲಿಗೆ ಭಾರ ಬೀಳುತ್ತದೆ. ಮೊದಲ ಎರಡು ದಿನ ಕದಲಲಿಲ್ಲ. ಮೂರನೆಯ ದಿನ ಕಣದ ಆಚೆ ಮಂಗ ಕಂಡಿತು, ಗಾಡಿ ಸಮೇತ ಹೊರಟೇಬಿಟ್ಟಿತು. ಕಣದಂಥ ಸಮನೆಲದಲ್ಲಿ ಮಾತ್ರ, ಇಪ್ಪತ್ತು ನಿಮಿಷ ಮೀರದೆ, ಒಬ್ಬರು ಜೊತೆಗಿದ್ದು ಬಿಡಬೇಕು. ಕಾಫಿ ಗಿಡದ ಇಳಿಜಾರಿಗೆ ಹೋದರೆ ಮಗುಚುತ್ತದೆ. ಉಳಿದ ಹೊತ್ತು ಜಗಲಿಯ ಮೇಲೆ ಅಂಗಳ ಕಾಣುವ ಕಡೆ ಹಾಸಿಗೆ ಹಾಕಿದೆವು. ಅಲ್ಲಿಂದಲೇ ಬೊಗಳಿ ಕಾವಲು ಮಾಡಿತು. ಆ ವರ್ಷ ಅಂಗಳಕ್ಕೆ ಬಂದ ಮಂಗಗಳಿಗೆ ಅದು ಓಡಲಾರದೆಂಬ ಗುಟ್ಟು ತಿಳಿದಂತೆ ಕಾಣಲಿಲ್ಲ. ಕತ್ತಲಾದ ಮೇಲೆ ಮಾತ್ರ ಒಳಗೆ ತಂದು ಬಾಗಿಲು ಹಾಕುತ್ತಿದ್ದೆವು. ಓಡಲಾರದ ನಾಯಿ ಜಗಲಿಯ ಮೇಲಿದ್ದರೆ ಕುರ್ಕನಿಗೆ ಬಡಿಸಿಟ್ಟ ಊಟ.

ಮಲಗಿದಲ್ಲೇ ಇರುವ ನಾಯಿಯ ನಿಜವಾದ ಕಷ್ಟ ಒದ್ದೆ. ಕೊನೆಕೊನೆಗೆ ಮೂತ್ರದ ಹಿಡಿತ ತಪ್ಪುತ್ತದೆ. ಕೆಳಗೆ ಅಡಿಕೆ ಹಾಳೆ, ಅದರ ಮೇಲೆ ಭತ್ತದ ಹುಲ್ಲು, ಮೇಲೆ ಗೋಣಿ ಹಾಕುವುದೇ ನಮಗೆ ಅನುಕೂಲವಾಗಿ ಕಂಡಿತು. ಹಾಳೆಯಲ್ಲಿ ನಿಂತದ್ದನ್ನು ಎತ್ತಿ ಗೊಬ್ಬರದ ಗುಂಡಿಗೆ ಎಸೆದರೆ ಆಯಿತು. ಗೋಣಿಯನ್ನು ತೊಳೆದು ಒಣಗಿಸಬೇಕು. 2023ರಲ್ಲಿ ಮುಂಗಾರು ಕೈಕೊಟ್ಟದ್ದು ತೋಟಕ್ಕೆ ಕೆಟ್ಟದ್ದಾಯಿತು, ಗೋಣಿ ಒಣಗುವುದಕ್ಕೆ ಒಳ್ಳೆಯದಾಯಿತು. ಸರಿಯಾದ ಮಳೆಯ ವರ್ಷವಾಗಿದ್ದರೆ ಅಡಿಕೆ ಒಣಗಿಸುವ ಅಟ್ಟವೇ ಗತಿ. ಮೂರು ನಾಲ್ಕು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸದಿದ್ದರೆ ಸೊಂಟದ ಎಲುಬಿನ ಮೇಲೆ ಹುಣ್ಣಾಗುತ್ತದೆ, ಆದ ಹುಣ್ಣು ಮಾಯುವುದು ಕಷ್ಟ. ಮೂತ್ರ ಮಬ್ಬಾಗಿ ನಾತ ಬಂದರೆ, ರಕ್ತ ಕಂಡರೆ ವೈದ್ಯರಿಗೆ ತಿಳಿಸಬೇಕು. ಮೂತ್ರಕೋಶವನ್ನು ಮೆಲ್ಲಗೆ ಒತ್ತಿ ಖಾಲಿ ಮಾಡಿಸುವ ಕ್ರಮವನ್ನು ಅವರಿಂದಲೇ ಕೈಹಿಡಿದು ಕಲಿಯಬೇಕು, ಓದಿ ಮಾಡುವ ಕೆಲಸವಲ್ಲ.

ಯಾರು ಮಾಡುವುದು

ಮೊದಲ ಆರು ತಿಂಗಳು ದಿನಕ್ಕೆ ಸುಮಾರು ಒಂದು ಗಂಟೆಯ ಕೆಲಸ, ಆಮೇಲೆ ಎರಡೂವರೆ ಗಂಟೆ. ಕೊಯ್ಲಿಗೆ ಆಳು ಸಿಗದ ಈ ಕಾಲದಲ್ಲಿ ಇದು ಸಣ್ಣ ಮಾತಲ್ಲ. ನಾಯಿಯನ್ನು ಉಳಿಸಿಕೊಳ್ಳೋಣ ಎಂದು ಜಗಲಿಯಲ್ಲಿ ಕುಳಿತು ತೀರ್ಮಾನಿಸುವವರು ಗಂಡಸರು, ಗೋಣಿ ತೊಳೆಯುವವರು ಹೆಂಗಸರು. ನಮ್ಮ ಮನೆಯಲ್ಲಿ ಇದರ ಬಗ್ಗೆ ಮೊದಲ ತಿಂಗಳೇ ಮಾತಾಯಿತು. "ನಡೆಸುವುದು, ಎತ್ತುವುದು ನಿಮ್ಮದು. ಹಾಸಿಗೆ ನಾನು ನೋಡಿಕೊಳ್ಳುತ್ತೇನೆ. ನೀವು ಸಂಘದ ಮೀಟಿಂಗಿಗೆ ಹೋದ ದಿನ ಎತ್ತುವುದಕ್ಕೆ ಯಾರೆಂದು ಈಗಲೇ ಹೇಳಿ" ಎಂದರು ನಮ್ಮ ಮನೆಯವರು. ಮೂವತ್ತು ವರ್ಷದಿಂದ ನಮ್ಮಲ್ಲಿ ಕೆಲಸಕ್ಕಿರುವ ಹಿರಿಯರೊಬ್ಬರು ಆ ದಿನಗಳಿಗೆ ಒಪ್ಪಿಕೊಂಡರು, ಅದಕ್ಕೆ ಬೇರೆಯಾಗಿ ಸಂಬಳ ಕೊಟ್ಟೆವು. ಹೀಗೆ ಹಂಚಿಕೊಳ್ಳುವುದಕ್ಕೆ ಜನವಿಲ್ಲದ ಮನೆ, ಇಬ್ಬರೇ ಮುದುಕರಿರುವ ಮನೆ, ನಲವತ್ತು ಕಿಲೋ ನಾಯಿಯನ್ನು ಎತ್ತಲಾರದೆ ಬೇಗನೆ ವೈದ್ಯರನ್ನು ಕರೆದರೆ ಅವರನ್ನು ಯಾರೂ ಆಡಿಕೊಳ್ಳಬಾರದು. ಒದ್ದೆಯಲ್ಲಿ ಹುಳ ಬಿದ್ದು ನರಳುವುದಕ್ಕೆ ಬಿಡುವುದು ಮಾತ್ರ ಯಾವ ದೃಷ್ಟಿಯಿಂದಲೂ ದಯೆಯಲ್ಲ. ಘಾಟಿಯಲ್ಲಿ ಬಿಟ್ಟು ಬರುವುದಂತೂ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧವೇ.

ಕೊನೆ ಯಾವಾಗ ಎಂಬ ಪ್ರಶ್ನೆಗೆ ಮನೆಮನೆಯಲ್ಲೂ ಬೇರೆ ಬೇರೆ ಉತ್ತರ. ಸಾಕಿದ ಜೀವವನ್ನು ಚುಚ್ಚುಮದ್ದು ಕೊಟ್ಟು ಕೊಲ್ಲುವುದು ಪಾಪವೆಂದು ಎಂಬತ್ತು ದಾಟಿದ ನಮ್ಮ ಅಮ್ಮನ ನಿಲುವು. ನರಳುವುದಕ್ಕೆ ಬಿಡುವುದೇ ಪಾಪವೆಂದು ಮಗಳ ವಾದ. ಇಬ್ಬರ ಮಾತೂ ಸುಳ್ಳಲ್ಲದ್ದರಿಂದ ಮನೆಯಲ್ಲಿ ಸ್ವಲ್ಪ ದಿನ ಬಿಸಿಯೇರಿತ್ತು. ಕೊನೆಗೆ ಅಮ್ಮನೇ, "ತಾನಾಗಿ ಅನ್ನ ತಿನ್ನೋ ತನಕ ಇರ್ಲಿ. ತಟ್ಟೆಯಿಂದ ಮುಖ ತಿರುಗಿಸಿದ ದಿನ ನೀವು ಹೇಳಿದ ಹಾಗೆ ಆಗ್ಲಿ" ಎಂದರು. ಈ ರೋಗ ಬಿಟ್ಟರೆ ಮುಂಗಾಲಿಗೂ ಏರುತ್ತದೆ, ಕಡೆಗೆ ನುಂಗುವುದಕ್ಕೂ ಉಸಿರಿಗೂ ತಟ್ಟುತ್ತದೆ. ಅಲ್ಲಿಯವರೆಗೆ ಎಳೆಯಬಾರದು ಎಂದು ವೈದ್ಯರು ಎಚ್ಚರಿಸಿದ್ದರು. 2024ರ ಜನವರಿಯಲ್ಲಿ ಮುಂಗಾಲು ನಡುಗತೊಡಗಿತು. ಫೆಬ್ರವರಿ ಎರಡನೆಯ ವಾರ ಎರಡು ದಿನ ಮೊಟ್ಟೆಯನ್ನೂ ಮುಟ್ಟಲಿಲ್ಲ. ವೈದ್ಯರು ಮನೆಗೇ ಬಂದರು. ಮೊದಲು ನಿದ್ದೆಯ ಮದ್ದು, ಆಮೇಲೆ ಇನ್ನೊಂದು, ಎಲ್ಲ ಹತ್ತು ನಿಮಿಷದ ಕೆಲಸ. ಅಮ್ಮ ಒಳಗಿದ್ದರು, ಹೊರಗೆ ಬರಲಿಲ್ಲ. ಬಾವಿಗೂ ಹಳ್ಳಕ್ಕೂ ದೂರದಲ್ಲಿ, ಕಾಡುಹಂದಿ ಕೆದಕದಂತೆ ಐದು ಅಡಿ ಆಳದ ಗುಂಡಿ ತೆಗೆಸಿ, ಮೇಲೆ ಕಲ್ಲು ಹೇರಿಸಿದೆವು.

ಮೇಲೆ ಹೇಳಿದ ಗಾಡಿ ಈಗ ಸಂಘದ ಗೋದಾಮಿನಲ್ಲಿದೆ. ಕಳೆದ ವರ್ಷ ಸದಸ್ಯರೊಬ್ಬರು ಒಯ್ದು ಏಳು ತಿಂಗಳು ಬಳಸಿ, ಒಂದು ಚಕ್ರ ಹೊಸದು ಹಾಕಿಸಿ ಹಿಂದಿರುಗಿಸಿದ್ದಾರೆ. ಆಲ್ಸೇಷಿಯನ್ ಅಥವಾ ಲ್ಯಾಬ್ರಡಾರ್ ಗಾತ್ರದ ನಾಯಿಗೆ ಸರಿಹೊಂದುತ್ತದೆ, ಎತ್ತರವನ್ನು ಎರಡು ಇಂಚು ಹೆಚ್ಚು ಕಡಿಮೆ ಮಾಡಿಕೊಳ್ಳಬಹುದು. ಬೇಕಾದವರು ಕಛೇರಿಯ ವೇಳೆಯಲ್ಲಿ ಬಂದು ವಹಿಯಲ್ಲಿ ರುಜು ಮಾಡಿ ಒಯ್ಯಬಹುದು. ಬಾಡಿಗೆ ಇಲ್ಲ. ನಾಯಿಯ ರೇಬೀಸ್ ಲಸಿಕೆಯ ಚೀಟಿ ತೋರಿಸಬೇಕು, ತರುವಾಗ ಬಟ್ಟೆಯ ಬಳೆಗಳನ್ನು ತೊಳೆದು ತರಬೇಕು.